ಬಲಗಡೆಯಿಂದ ಹತ್ತಿಸಿದವರು

ಹಣೆಯ ಮೇಲೆ ಬೆಳಿಗ್ಗೆ ಅಚ್ಚುಕಟ್ಟಾಗಿ ಎಳೆದುಕೊಂಡ ಮೂರು ವಿಭೂತಿ ಪಟ್ಟೆ. ಹತ್ತು ಗಂಟೆಯಾಗುವಷ್ಟರಲ್ಲಿ ಅದರ ಮೇಲೊಂದು ಗ್ರೀಸಿನ ಕರಿ ಪಟ್ಟೆ. ಬೆವರು ಒರೆಸಿಕೊಳ್ಳುವಾಗ ಕೈಯ ಮಸಿ ಹಣೆಗೆ ಮೆತ್ತಿಕೊಳ್ಳುತ್ತಿತ್ತು. ಅಜ್ಜಂಪುರದ ಸೈಕಲ್ ಶಾಪಿನ ಅಜ್ಜನನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಹಣೆ. "ಅಜ್ಜಾ, ಹಣೆ ಒರೆಸ್ಕಳಿ" ಅಂದರೆ, "ನಾನು ರಿಪೇರಿಯೋನು ಅಂತ ಶಿವಂಗೂ ಗೊತ್ತೈತೆ ಬಿಡವ್ವ" ಅನ್ನುತ್ತಿದ್ದರು. ಖುಷಿಯಲ್ಲಿದ್ದರೆ ನಾನು ಅವರಿಗೆ 'ತಾಯಿ', ಸಿಟ್ಟು ಬಂದರೆ 'ಮೇಡಂ'. ಮೇಡಂ ಆಗಿದ್ದ ದಿನಗಳೇ ಹೆಚ್ಚು.

ನನ್ನ ಎಡಗಾಲಿಗೆ ಬಲವಿಲ್ಲ. ಎರಡು ವರ್ಷದವಳಿದ್ದಾಗ ಬಂದ ಪೋಲಿಯೊದಿಂದ ಕಾಲು ಸಣಕಲಾಯಿತು. ಎಡಗೈಯನ್ನು ತೊಡೆಗೆ ಊರಿಕೊಂಡು ನಡೆಯುತ್ತೇನೆ. ಎಂಟನೇ ಕ್ಲಾಸಿನಲ್ಲಿ ಎಲ್ಲ ಹುಡುಗಿಯರ ಜೊತೆ ನನಗೂ ಸರ್ಕಾರದ ಸೈಕಲ್ ಬಂತು. ಸಹಿ ಹಾಕಿದ್ದು ನಾನು, ಓಡಿಸಿದ್ದು ಅಣ್ಣ. ಮನೆಯಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅದನ್ನು ನನಗೆ ಬೇಕು ಅಂತ ಕೇಳಬಹುದು ಎಂಬುದೇ ನನಗೂ ಹೊಳೆದಿರಲಿಲ್ಲ.

ಹೊಳೆದದ್ದು ಮೂವತ್ತನೇ ವಯಸ್ಸಿನಲ್ಲಿ, ಅದೂ ಕೆಲಸ ಹೋಗುವ ಹಾಗಾದಾಗ. ನಮ್ಮೂರಿಂದ ಮೂರು ಮೈಲಿ ದೂರದ ಪಂಚಾಯ್ತಿ ಲೈಬ್ರರಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಆ ದಾರಿಗೆ ಬಸ್ಸಿಲ್ಲ, ಅಣ್ಣನ ಬೈಕೇ ಗತಿ. ಅವನು ತರೀಕೆರೆಗೆ ಹೋದ ದಿನ ಲೈಬ್ರರಿಗೆ ಬೀಗ. ಎರಡು ಸಲ ಅಧ್ಯಕ್ಷರು ಸುಮ್ಮನಿದ್ದರು. ಮೂರನೇ ಸಲ, "ಆಗ್ದಿದ್ರೆ ಹೇಳ್ಬಿಡಿ, ಬೇರೆಯವರನ್ನ ನೋಡ್ತೀವಿ" ಅಂದರು. ಮೂರು ಚಕ್ರದ ಸ್ಕೂಟರಿಗೆ ಅರ್ಜಿಯೇನೋ ಹಾಕಿದ್ದೆ. ಆದರೆ ಅದು ಬರುವ ತನಕ ಕೆಲಸ ಕಾಯುತ್ತದೆಯೇ?

ಮಾರನೇ ದಿನ ಅಜ್ಜನ ಅಂಗಡಿಯ ಮುಂದೆ ನಿಂತು, "ನಂಗೆ ಸೈಕಲ್ ಕಲಿಸ್ತೀರಾ?" ಅಂತ ಕೇಳಿಯೇಬಿಟ್ಟೆ. ಅಜ್ಜ ನನ್ನ ಕಾಲನ್ನು ನೋಡದ ಹಾಗೆ ನಟಿಸಲಿಲ್ಲ. ಪಂಕ್ಚರ್ ಹುಡುಕುವವರ ಹಾಗೆ ಚೆನ್ನಾಗಿ ನೋಡಿದರು. "ಎಷ್ಟು ಮಡಚ್ತದೆ? ನೋವೈತಾ?" ಡಾಕ್ಟರ್ ಬಿಟ್ಟರೆ ಬೇರೆ ಯಾರೂ ನನ್ನನ್ನು ಹಾಗೆ ಕೇಳಿದ್ದಿಲ್ಲ. ಎಲ್ಲರೂ 'ಅಯ್ಯೋ ಪಾಪ' ಅಂದು ಮುಂದೆ ಹೋಗುವವರೇ.

ಒಂದು ಹಳೆಯ ಲೇಡೀಸ್ ಸೈಕಲ್ಲಿನ ಸೀಟನ್ನು ಪೂರ್ತಿ ಕೆಳಗಿಳಿಸಿದರು. ಎಡಗಡೆ ಪೆಡಲ್ಲಿಗೆ ಹವಾಯಿ ಚಪ್ಪಲಿಯೊಂದನ್ನು ಬೋಲ್ಟ್ ಹಾಕಿ ಕೂರಿಸಿ, ಹಿಮ್ಮಡಿ ಜಾರದಂತೆ ಹಿಂದೆ ಟೈರಿನ ತುಂಡು ಬಿಗಿದರು. "ಕಾಲು ಕಟ್ಟಾಕಿದ್ರೆ ಬಿದ್ದಾಗ ಸಿಗಾಕ್ಕಂತದೆ. ಚಪ್ಪಲಿಯಾದ್ರೆ ಹಾಕ್ಕಂಡಂಗೇ ಬಿಡಬೋದು." ಪೆಡಲ್ ತುಳಿಯುವುದು ಬಲಗಾಲು; ಎಡಗಾಲು ಅದರ ಜೊತೆ ಸುಮ್ಮನೆ ಸುತ್ತುತ್ತದೆ, ಅಷ್ಟೇ.

ಬೆಳಿಗ್ಗೆ ಅಣ್ಣ ಹೋಟೆಲಿಗೆ ಹಾಲು ಹಾಕಲು ಹೋಗುವಾಗ ನನ್ನನ್ನು ಅಜ್ಜಂಪುರದ ಸಂತೆ ಮೈದಾನದಲ್ಲಿ ಇಳಿಸುತ್ತಿದ್ದ. ಅಜ್ಜ ಹಿಂದೆ ಹಿಡಿದುಕೊಂಡು ಓಡುತ್ತಿದ್ದರೆ ಸೈಕಲ್ ಹೋಗುತ್ತಿತ್ತು. ಹತ್ತುವಾಗ, ಇಳಿಯುವಾಗ ಮಾತ್ರ ದಬಾರನೆ ಎಡಕ್ಕೆ ಬೀಳುತ್ತಿದ್ದೆ. ಬಿದ್ದ ಕೂಡಲೇ ಅಜ್ಜನ ಪ್ರಶ್ನೆ: "ಹ್ಯಾಂಡಲ್ ಬಗ್ಗಿಲ್ಲ ತಾನೇ?"

"ನನ್ನ ಮೊಣಕೈ ಕಿತ್ತೋಗೈತೆ, ನಿಮಗೆ ಹ್ಯಾಂಡಲ್ ಚಿಂತೆ!"

"ಮೊಣಕೈ ತಾನಾಗೇ ಮಾಯ್ತದೆ ಮೇಡಂ. ಹ್ಯಾಂಡಲ್ಲು ನಾನೇ ಸರಿ ಮಾಡ್ಬೇಕು."

ಒಂದು ತಿಂಗಳು ಇದೇ ಆಯಿತು. ನಮ್ಮ ಕಡೆ ಸೈಕಲ್ಲನ್ನು ಎಲ್ಲರೂ ಹತ್ತುವುದು ಎಡಗಡೆಯಿಂದ. ಸ್ಟ್ಯಾಂಡ್ ಇರುವುದು ಆ ಕಡೆ; ಬಲಗಡೆ ಚೈನು, ಬಟ್ಟೆಗೆ ಮಸಿ. ಹಾಗಾಗಿ ನಾನೂ ಎಡಕ್ಕೆ ನಿಂತು, ಬಲವಿಲ್ಲದ ಕಾಲ ಮೇಲೆ ಭಾರ ಬಿಟ್ಟು, ಗಟ್ಟಿ ಕಾಲನ್ನು ಎತ್ತಿ ಆಚೆ ಹಾಕಲು ಒದ್ದಾಡುತ್ತಿದ್ದೆ. ಊರಿಗೆಲ್ಲ ಸೈಕಲ್ ಕಲಿಸಿದ ಅಜ್ಜನಿಗೂ, ಬಿ.ಎ. ಓದಿದ ನನಗೂ, ಟೀ ಕುಡಿಯುತ್ತ ಬಿಟ್ಟಿ ಸಲಹೆ ಕೊಡುತ್ತಿದ್ದವರಿಗೂ, ಸೈಕಲ್ಲಿಗೆ ಇನ್ನೊಂದು ಮಗ್ಗುಲಿದೆ ಎಂಬುದು ಹೊಳೆಯಲಿಲ್ಲ! ಈಗ ನೆನೆದರೆ ನಗು ಬರುತ್ತದೆ. ಆಗ ಅಳು ಬರುತ್ತಿತ್ತು.

ಒಂದು ದಿನ ಬಿದ್ದವಳು ಎದ್ದು, "ಇದು ನನ್ನ ಹಣೇಲಿ ಬರ್ದಿಲ್ಲ ಅಜ್ಜ" ಅಂದು ಮನೆಗೆ ಹೋದೆ. ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ. ಐದನೇ ದಿನ ಅಜ್ಜನ ಹೆಂಡತಿ, ಅಜ್ಜಿಯ ಫೋನು: "ನಮ್ಮನೆಯೋರಿಗೆ ಏನೋ ಆಗೈತೆ ಕಣವ್ವ. ಬೇಗ ಮೈದಾನಕ್ಕೆ ಬಾ."

ಅಣ್ಣನ ಬೈಕಿನಲ್ಲಿ ಹೋಗಿ ನೋಡುತ್ತೇನೆ, ಎಪ್ಪತ್ತು ದಾಟಿದ ಅಜ್ಜ ಎಡಗಾಲನ್ನು ಮಡಚಿ ಟವೆಲ್ಲಿನಲ್ಲಿ ತೊಡೆಗೆ ಬಿಗಿದುಕೊಂಡು, ಒಂಟಿಕಾಲಲ್ಲಿ ನನ್ನ ಸೈಕಲ್ ಹತ್ತಲು ಹೆಣಗುತ್ತಿದ್ದಾರೆ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಅಜ್ಜನ ಮೊಣಕೈಯಿಂದ ರಕ್ತ ಸೋರುತ್ತಿತ್ತು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಹ್ಯಾಂಡಲ್ ಬಗ್ಗಿಲ್ಲ ತಾನೇ ಅಜ್ಜ?"

ಅವರು ನಗಲಿಲ್ಲ. "ಬಾ ಇಲ್ಲಿ ತಾಯಿ. ನಾನೊಬ್ಬ ದಡ್ಡ ಕಣವ್ವ. ಕಾಲು ಕಟ್ಕಂಡು ಬಿದ್ಮೇಲೆ ಗೊತ್ತಾಯ್ತು. ಒಂದು ತಿಂಗಳು ನಿನ್ನ ಬೀಳಿಸಿದೋನು ನಾನೇ. ಬಲಗಡೆ ನಿಂತ್ಕೋ. ಗಟ್ಟಿ ಕಾಲು ನೆಲದ ಮೇಲಿರ್ಲಿ, ಈ ಕಾಲನ್ನ ಕೈಲಿ ಎತ್ತಿ ಆ ಕಡೆ ಇಡು. ನಿಲ್ಸೋವಾಗ್ಲೂ ಬಲಕ್ಕೇ ವಾಲು."

ನಿಂತೆ. ಕಾಲೆತ್ತಿ ಆಚೆ ಇಟ್ಟು ಚಪ್ಪಲಿಗೆ ತೂರಿಸಿದೆ. ಕೂತೆ. ಬೀಳಲಿಲ್ಲ! ಬಲಗಾಲಲ್ಲಿ ಪೆಡಲ್ ಒತ್ತಿದೆ. ಮೈದಾನದ ಆ ತುದಿ ಮುಟ್ಟಿ ತಿರುಗಿ ನೋಡಿದರೆ, ಅಜ್ಜ ಟವೆಲ್ ಬಿಚ್ಚಿಕೊಳ್ಳುವುದನ್ನೂ ಮರೆತು ಒಂಟಿಕಾಲಲ್ಲಿ ನಿಂತೇ ಇದ್ದರು.

ಆಮೇಲೆ ಸ್ಟ್ಯಾಂಡನ್ನು ಬಲಕ್ಕೆ ಬದಲಾಯಿಸಿದರು, ಚೈನಿಗೆ ಪೂರ್ತಿ ಕವರ್ ಹಾಕಿದರು. ಒಂದು ವಾರ ಅಂಗಡಿ ತಡವಾಗಿ ತೆರೆದು, ತಮ್ಮ ಸೈಕಲ್ಲಿನಲ್ಲಿ ನಮ್ಮೂರಿಗೆ ಬಂದು ನನ್ನ ಹಿಂದೆಯೇ ಲೈಬ್ರರಿ ತನಕ ಬಂದರು. ಎಂಟನೇ ದಿನ ಬರಲಿಲ್ಲ. ಅವತ್ತು ಅಧ್ಯಕ್ಷರು ಬರುವ ಹೊತ್ತಿಗೆ ನಾನು ಬೀಗ ತೆಗೆದು ಪೇಪರ್ ಜೋಡಿಸಿ ಕೂತಿದ್ದೆ. ಕೆಲಸ ಉಳಿಯಿತು. ಇವತ್ತು ನಾನು ಉಣ್ಣುವ ಅನ್ನದಲ್ಲಿ ಅಜ್ಜನ ಋಣವಿದೆ. ಅದನ್ನು ಹೇಳಲು ನನಗೆ ಸಂಕೋಚವಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಲೈಬ್ರರಿಯಲ್ಲಿದ್ದಾಗ, ಅಜ್ಜ ಹೋಗಿಬಿಟ್ಟರು ಅಂತ ಫೋನ್ ಬಂತು. ಎರಡು ಗಂಟೆಗೆ ಮಣ್ಣು ಮಾಡುತ್ತಾರೆ ಅಂದರು. ಅಣ್ಣ ಕಡೂರಿನಲ್ಲಿದ್ದ. "ಸಂಜೆ ಬಂದು ಕರ್ಕೊಂಡೋಗ್ತೀನಿ, ಇರು" ಅಂದ. ಸಂಜೆ ಹೋದರೆ ಮುಖ ಎಲ್ಲಿ ಸಿಗುತ್ತದೆ? ಬೀಗ ಹಾಕಿ ಹೊರಟೆ. ಅಜ್ಜಂಪುರದ ದೊಡ್ಡ ರಸ್ತೆಯಲ್ಲಿ ಅಷ್ಟು ದೂರ ಒಬ್ಬಳೇ ಹೋಗಿರಲಿಲ್ಲ. ಎದುರುಗಾಳಿ, ಪಕ್ಕದಲ್ಲೇ ಲಾರಿಗಳು. ಎರಡು ಸಲ ನಿಲ್ಲಿಸಿ ಸುಧಾರಿಸಿಕೊಂಡೆ.

ಮನೆಯ ಮುಂದೆ ಅಜ್ಜನನ್ನು ಕೂರಿಸಿದ್ದರು. ಅಜ್ಜಿ ನನ್ನ ಕೈ ಹಿಡಿದುಕೊಂಡು, "ಯಾರ ಜೊತೆ ಬಂದ್ಯವ್ವ? ನಿಮ್ಮಣ್ಣ ಎಲ್ಲಿ?" ಅಂದರು.

"ನಾನೇ ಬಂದೆ ಅಜ್ಜಿ, ಸೈಕಲ್ಲಲ್ಲಿ."

ಅಜ್ಜಿ ನನ್ನ ಕೈ ಬಿಡದೆ ಅಜ್ಜನ ಕಡೆ ತಿರುಗಿದರು. "ಕೇಳುಸ್ಕಂಡ್ರಾ? ಒಬ್ಳೇ ಬಂದವ್ಳೆ ಕಣ್ರೀ."