ಜೇಬಿನೊಳಗಿನ ಹಲ್ಲಿ

ಹೋದ ಭಾನುವಾರ ನಾನು ಹಲ್ಲಿಯಾದೆ. ನಗಬೇಡಿ, ನಗುವ ವಿಷಯವಲ್ಲ.

ನನ್ನ ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಫಿಜೆಟ್ ಕ್ಯೂಬ್ ಇರುತ್ತದೆ, ಬೆರಳಾಡಿಸಲೆಂದೇ ಮಾಡಿದ ದಾಳದಂಥ ಪುಟ್ಟ ಆಟಿಕೆ. ಒಂದು ಕಡೆ ಚಕ್ರ, ಇನ್ನೊಂದು ಕಡೆ ಸ್ವಿಚ್ಚು, ಮತ್ತೊಂದು ಕಡೆ ಒತ್ತಿದರೆ ಸದ್ದು ಮಾಡುವ ಗುಂಡಿಗಳು. ಟೆನ್ಷನ್ ಕಡಿಮೆಯಾಗುತ್ತೆ ಅಂತ ಮಗಳು ಆನ್‌ಲೈನಿನಲ್ಲಿ ತರಿಸಿಕೊಟ್ಟಳು. ಈಗ ಯಾರ ಕೈಯಲ್ಲಿಲ್ಲ ಹೇಳಿ? ನಮ್ಮ ಆಫೀಸಿನ ಮೀಟಿಂಗಿನಲ್ಲಿ ಒಬ್ಬರು ಸ್ಪಿನ್ನರ್ ತಿರುಗಿಸುತ್ತಾರೆ, ಇನ್ನೊಬ್ಬರು ರಬ್ಬರ್ ಚೆಂಡು ಹಿಸುಕುತ್ತಾರೆ. (ಮ್ಯಾನೇಜರ್ ಕತ್ತು ಹಿಸುಕುವುದಕ್ಕಿಂತ ವಾಸಿ.) ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲೂ ಇವನ್ನು ಗುಡ್ಡೆ ಹಾಕಿ ಮಾರುತ್ತಾರೆ. ಈ ಅಂಕಣದಲ್ಲೇ ನಾನು ಅದನ್ನು ಹೊಗಳಿ ಬರೆದದ್ದು ನಿಮಗೆ ನೆನಪಿರಬಹುದು. ಮರೆತಿದ್ದರೆ ಒಳ್ಳೆಯದೇ.

ಭಾನುವಾರ ಮಲ್ಲೇಶ್ವರಕ್ಕೆ ಹೋಗಿದ್ದೆ. ನನಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ವೈಕುಂಠ ಸಮಾರಾಧನೆಗೂ ನಾನು ಹೋಗಿರಲಿಲ್ಲ. ಕೆಲಸವಿತ್ತು ಅಂತ ನೆಪ. ಅಸಲಿಗೆ, ಸಾವಿನ ಮನೆಯಲ್ಲಿ ಏನು ಮಾತಾಡಬೇಕೋ ನನಗೆ ತಿಳಿಯುವುದೇ ಇಲ್ಲ.

ಮೇಷ್ಟ್ರ ಹೆಂಡತಿ ಲಲಿತಮ್ಮ ದಿವಾನದ ಮೇಲೆ ಕೂತು ಅವರ ಕೊನೆಯ ದಿನದ ಬಗ್ಗೆ ಹೇಳತೊಡಗಿದರು. ಎದುರಿನ ಕುರ್ಚಿಯಲ್ಲಿ ನಾನು ಹೂಂಗುಟ್ಟುತ್ತಿದ್ದೆ. ಕೈ ಯಾವಾಗ ಜೇಬಿಗೆ ಇಳಿಯಿತೋ ಗೊತ್ತಿಲ್ಲ.

“ಕೊನೇಲಿ ಅವರಿಗೆ ನೋವೇನೂ ಆಗ್ಲಿಲ್ಲ ಅನ್ಸತ್ತಪ್ಪ” ಎಂದರು.

ಟಿಕ್ ಟಿಕ್ ಟಿಕ್.

ಲಲಿತಮ್ಮ ಮಾತು ನಿಲ್ಲಿಸಿ ಗೋಡೆಯತ್ತ ನೋಡಿದರು. ಬೆರಳಿನಿಂದ ದಿವಾನದ ಮರವನ್ನು ಮೆಲ್ಲಗೆ ಕುಟ್ಟಿದರು. “ಕೃಷ್ಣ ಕೃಷ್ಣ. ನೋಡಿದ್ಯಾ, ಹಲ್ಲಿ ಲೊಚಗುಟ್ತು. ಹಾಗಾದ್ರೆ ನಿಜಾನೇ.”

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ. ನಮ್ಮಮ್ಮನೂ ಹೀಗೇ ನೆಲ ಕುಟ್ಟುತ್ತಿದ್ದಳು. ಆದರೆ ಲಲಿತಮ್ಮನ ಮುಖ ಅಷ್ಟು ಹಗುರಾದದ್ದನ್ನು ನೋಡಿ ನಾನು ಬೆವತುಹೋದೆ. ಅದು ಹಲ್ಲಿಯಲ್ಲ, ನೀವು ಗಂಡನ ಸಾವಿನ ಬಗ್ಗೆ ಹೇಳುವಾಗ ನಾನು ಆಟದ ಸಾಮಾನು ಹಿಡಿದು ಕೂತಿದ್ದೆ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು?

ಅವರು ಗೋಡೆಯನ್ನೇ ನೋಡುತ್ತಾ ಇನ್ನೊಂದು ಕೇಳಿದರು. ಅದನ್ನು ಹೆತ್ತ ಮಕ್ಕಳ ಹತ್ತಿರವೂ ಕೇಳಿರಲಿಕ್ಕಿಲ್ಲ.

“ಎದೆ ಉರಿ ಅಂದಾಗ ಗ್ಯಾಸ್ ಇರ್ಬೇಕು ಅಂತ ಜೀರಿಗೆ ಕಷಾಯ ಮಾಡ್ಕೊಟ್ಟೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ. ನಂದೇನೂ ತಪ್ಪಿಲ್ಲ, ಅಲ್ವಾ?”

ಆಮೇಲೆ ಹಲ್ಲಿಗಾಗಿ ಕಾದರು.

ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದರೆ ಮೋಸ. ಒತ್ತದಿದ್ದರೆ? ಮೀಟಿಂಗಿನಲ್ಲಿ, ಸಿಗ್ನಲ್ಲಿನಲ್ಲಿ, ಊಟದ ಹೊತ್ತಲ್ಲೂ ಸುಮ್ಮನಿರದ ಬೆರಳು ಈಗ ಮರಗಟ್ಟಿತ್ತು. ಹಲ್ಲಿಯ ಸದ್ದು ಬರದೆ ಲಲಿತಮ್ಮನ ಮುಖದ ಆ ಹಗುರವೂ ಹೋಯಿತು. ಹೋಗ್ಲಿ ಬಿಡು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಮಗಳ ಓದಿನ ಬಗ್ಗೆ ವಿಚಾರಿಸಿದರು. ನಾನು ತಲೆ ತಗ್ಗಿಸಿಕೊಂಡೇ ಎದ್ದು ಬಂದೆ.

ಅಂದಿನಿಂದ ಮನೆಯಲ್ಲಿ ಇದೇ ವಾದ. ಒತ್ತಬೇಕಿತ್ತು ಅಪ್ಪ, ಪಾಪ ಅವರಿಗೆ ಸಮಾಧಾನ ಆಗ್ತಿತ್ತು ಅಂತ ಮಗಳು. ಬಿಟ್ಟದ್ದೇ ಸರಿ, ಸುಳ್ಳು ಸುಳ್ಳೇ ಅಂತ ಹೆಂಡತಿ. ಒತ್ತುವುದೋ ಬಿಡುವುದೋ ಎಂದು ನಾನೂ ತಲೆ ಕೆಡಿಸಿಕೊಂಡಿದ್ದೆ. ನಿಜವಾದ ನಾಚಿಕೆ ಹುಟ್ಟಿದ್ದು ಇವತ್ತು, ಇದನ್ನು ಬರೆಯಲು ಕೂತಾಗ.

“ನಿಮ್ಮ ತಪ್ಪಿಲ್ಲ ಅಮ್ಮ” ಎಂದು ಹೇಳಲು ನನಗೆ ಬಾಯಿರಲಿಲ್ಲವೇ?