ಹಿರೇಕೊಡಿಗೆ ದಾಟಿಸಿದ ಹಾಡುಗಳು

ಹಾಡು ಹೊರತರುವ ನಮ್ಮ ಪುಟ್ಟ ಮ್ಯೂಸಿಕ್ ಲೇಬಲ್ಲಿನಿಂದ ಫಂಕ್, ಸೋಲ್, ಹಿಪ್‌ಹಾಪ್ ಎಂಬ ಅಮೆರಿಕನ್ ಶೈಲಿಯ ಹಾಡುಗಳ ಸಂಕಲನವೊಂದನ್ನು ತಂದಿದ್ದೆವು. ಊರೂರು ತಿರುಗಿ ಕೇಳಿಸಿ ಸುಸ್ತಾಗಿದ್ದೆ. ಕೊಪ್ಪದಲ್ಲಿ ಬಸ್ ಹತ್ತಿದವನು ಡ್ರೈವರಿಗೆ ದುಂಬಾಲು ಬಿದ್ದು, ಅವರ ಪೆನ್‌ಡ್ರೈವ್ ತೆಗೆಸಿ ನಮ್ಮದನ್ನು ಹಾಕಿಸಿದೆ. ಯಾರೂ ತಲೆಯಾಡಿಸಲಿಲ್ಲ. ಪಕ್ಕದ ಸೀಟಿನ ಅಜ್ಜಿ ಮಾತ್ರ ಕಣ್ಣು ಮುಚ್ಚಿ ಕೂತಿದ್ದರು. ಕೇಳುತ್ತಿದ್ದಾರೆ ಅಂದುಕೊಂಡೆ.

ಐದು ಹಾಡು ಮುಗಿದ ಮೇಲೆ ಕಣ್ಣು ಬಿಟ್ಟು, "ಹಿರೇಕೊಡಿಗೆ ಬಂತಾ?" ಎಂದರು.

"ಅದು ಆಗ್ಲೇ ಹೋಯ್ತಲ್ಲ ಅಜ್ಜಿ," ಎಂದ ಕಂಡಕ್ಟರ್.

"ದಿನಾ ಮೂರನೇ ಹಾಡು ಮುಗಿಯುವಾಗ ನನ್ನ ಸ್ಟಾಪು. ಇವತ್ತು ಎಂತದು, ಮೊದಲ್ನೇ ಹಾಡೇ ಇನ್ನೂ ಮುಗೀಲಿಲ್ಲ ಮಾರಾಯ."

ನಾನೂ ಇಳಿದು, ಅವರ ಚೀಲ ಹೊತ್ತು ಹಿಂದಕ್ಕೆ ನಡೆದೆ. ಹಾಡುಗಳೆಲ್ಲ ಸೇರಿ ಒಂದೇ ಅನ್ನಿಸಬೇಕೆಂದು ನಾವು ವರ್ಷವಿಡೀ ಒದ್ದಾಡಿದ್ದೇನೋ ನಿಜ.