ಅವ್ವ ಕುಂಕುಮ ಹಚ್ಚಿದ ಬಯಾಪ್ಸಿ

ಕಾಕಾನ ದನಿ ಗಂಟಲಿಗೆ ಬಂತು, ಮತ್ತೆ ಇಳಿಯಲಿಲ್ಲ. ಬೈರಿದೇವರಕೊಪ್ಪದಲ್ಲಿ ಗೆಳೆಯನ ಆರತಕ್ಷತೆ. ಮೈಕ್ ಹಿಡಿದು ಬಂಧುಬಳಗವನ್ನೆಲ್ಲ ಅಣಕಿಸುತ್ತಿದ್ದೆ. ಅದು ನನಗೆ ಅರ್ಧ ಹೊಟ್ಟೆಪಾಡು, ಅರ್ಧ ಚಟ. ಕಾಕಾನ ಒಡಕು ದನಿ ತೆಗೆದೆ, ಜನ ನಕ್ಕರು. ಸ್ವಂತ ದನಿಗೆ ಮರಳಲು ಹೋದೆ. ಅಲ್ಲೂ ಕಾಕಾನೇ ಕೂತಿದ್ದ.

ಅವನ ದನಿ ಪಕ್ಕಾ ಬರಲೆಂದು ಅವನ ಬೀಡಿಯನ್ನೂ ಕಲಿತ ಶಹಾಣ್ಯಾ ನಾನು.

ತಿಂಗಳಾದರೂ ಗಂಟಲು ತೆರೆಯಲಿಲ್ಲ. ಧಾರವಾಡದ ಇಎನ್‌ಟಿ ಡಾಕ್ಟರ್ ವೋಕಲ್ ಕಾರ್ಡ್‌ನಿಂದ ಅಕ್ಕಿಕಾಳಿಗಿಂತ ಸಣ್ಣ ಚೂರು ತೆಗೆದರು. ಏನೆಂದು ಗೊತ್ತಾಗುವವರೆಗೆ ಮಾತಿಲ್ಲ, ಪಿಸುಮಾತೂ ಇಲ್ಲ ಎಂದರು.

ಬಯಾಪ್ಸಿ ರಿಪೋರ್ಟ್ ಬಂತು. ಕ್ಯಾನ್ಸರ್ ಹೌದೋ ಅಲ್ಲವೋ, ಅದರಲ್ಲಿ ಇರಲಿಲ್ಲ.

"ಇನ್ನೊಂದು ಟೆಸ್ಟ್ ಬೇಕ್ರಿ," ಡಾಕ್ಟರ್ ಅವ್ವನಿಗೆ ಹೇಳಿದರು. "ಒಡದು ಎರಡಾಗಾಕತ್ತಿದ್ದ ಸೆಲ್‌ನಾಗ ಒಂದು ಪ್ರೋಟೀನ್ ಇರ್ತದ. ಅದಕ್ಕ ಹೋಗಿ ಅಂಟೂ ಆಂಟಿಬಾಡಿ ಹಾಕಿದ್ರ ಅಂಥಾ ಸೆಲ್ ಕಂದು ಬಣ್ಣ ತೋರಸ್ತಾವ. ಪದರದ ತಳದಾಗಷ್ಟ ಕಂಡ್ರ ಛಲೋ. ಮ್ಯಾಲ ತನಕ ಏರಿದ್ರ..."

ಮುಂದೇನೆಂದು ನಾನು ಕೇಳುವಂತಿರಲಿಲ್ಲ.

ಚೂರನ್ನು ಹುದುಗಿಸಿದ ಮೇಣದ ಬ್ಲಾಕನ್ನು ಹುಬ್ಬಳ್ಳಿಯ ಲ್ಯಾಬಿಗೆ ನಾವೇ ಒಯ್ಯಬೇಕಿತ್ತು. ಸಂಜೆಯಾಗಿತ್ತು, ಲ್ಯಾಬ್ ಮುಚ್ಚಿತ್ತು. ಮನೆಗೆ ತಂದೆವು. ಬೆಳಿಗ್ಗೆ ಎದ್ದು ನೋಡಿದರೆ ಬ್ಲಾಕ್ ದೇವರ ಜಗುಲಿಯ ಮೇಲೆ ಕೂತಿದೆ. ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಪಕ್ಕದಲ್ಲೇ ದೀಪ.

ಮೇಣದ ಒಂದು ಮೂಲೆ ಕರಗಿ ಇಳಿದಿತ್ತು.

ಮಾತಿನ ಬದಲು ಬರೆಯಲು ಇಟ್ಟುಕೊಂಡಿದ್ದ ಪಾಟಿಯ ಮೇಲೆ 'ಅವ್ವಾ!!!' ಎಂದು ಗೀಚಿ ತೋರಿಸಿದೆ.

"ಏನಾತೋ? ನಿನ್ನ ಜೀವದ ತುಣುಕು ಅದು. ದೇವರ ಮುಂದ ಇಡದ ಮತ್ತೆಲ್ಲಿಡ್ಲಿ? ಉಪ್ಪಿನಕಾಯಿ ಸಾಲಿನ್ಯಾಗ ಇಡ್ಲೇನು?"

ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಕನ್ನಡಕ ಏರಿಸಿದ. "ಇದಕ್ಕ ಪೂಜಿ ಮಾಡಿದವರು ಯಾರ್ರೀ?"

ನಾನು ಅವ್ವನ ಕಡೆ ಬೆರಳು ಮಾಡಿದೆ. ಅವ್ವ ಗೋಡೆ ನೋಡಿದಳು.

"ಮ್ಯಾಲಿಂದು ಕೆರದು, ಹೊಸಾ ಮೇಣದಾಗ ಕೂಡ್ರಸಬೇಕು. ಚೂರು ಭಾಳ ಸಣ್ಣದೈತಿ. ಸಾಲದಿದ್ರ ಮತ್ತ ಗಂಟಲಾಗಿಂದ ತಗಸಬೇಕಾಗ್ತೈತಿ, ತಮ್ಮಾ."

ಒಂಬತ್ತು ದಿನ ಕಾದೆವು. ಎಂದೋ ನಾನು ಅಣಕಿಸಿದ್ದವರೆಲ್ಲ ಸರದಿಯಲ್ಲಿ ಬಂದು ಸೇಡು ತೀರಿಸಿಕೊಂಡರು. ಕಾಕಾ ಎದುರು ಕೂತು ನನ್ನಂತೆ ಕೈ ಆಡಿಸಿ ತೋರಿಸಿದ. ಎಷ್ಟು ಕೆಟ್ಟದಾಗಿ ಮಾಡಿದನೆಂದರೆ, ತಿದ್ದಲಾಗದೆ ನಾನು ಒಳಗೇ ಬೆಂದೆ. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡರೂ ಬಿಡುಗಡೆ ಇರಲಿಲ್ಲ. ಗಂಟಲನ್ನು ಎಲ್ಲಿ ಬಿಟ್ಟು ಹೋಗಲಿ? ನಕಲು ಮಾಡಿ ಬದುಕಿದವನ ಗಂಟಲೊಳಗೆ ಜೀವಕೋಶಗಳೂ ತಮ್ಮನ್ನೇ ತಾವು ನಕಲು ಮಾಡುತ್ತ, 'ಸಾಕು, ಇಳೀರಿ' ಎನ್ನುವವರಿಲ್ಲದೆ, ಮೈಕ್ ಬಿಡದೆ ನಿಂತಿವೆಯೇನೋ ಎಂದು ಕೂತಲ್ಲೇ ಲೆಕ್ಕ ಹಾಕುತ್ತಿದ್ದೆ.

ಮೇಣ ಕರಗಿಸಿದ ತಪ್ಪಿಗೋ ಏನೋ, ಅವ್ವನೂ ಮಾತು ಬಿಟ್ಟಳು. ತಾಟು ಇಡುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಚೂರು ಸಾಕಾಗಿತ್ತು.

ಡಾಕ್ಟರ್ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ತಿಳಿನೀಲಿಯಲ್ಲಿ ಕಂದು ಚುಕ್ಕೆಗಳು. ತಳದಲ್ಲಿ ದಟ್ಟ, ನಡುವಿನವರೆಗೆ ಅಲ್ಲೊಂದು ಇಲ್ಲೊಂದು. ಅಲ್ಲಿಗೆ ನಿಂತಿದ್ದವು.

"ಎಲ್ಲಾ ಕೂಡಿಸಿ ನೋಡಿದ್ರ ಇದು ಕ್ಯಾನ್ಸರ್ ಅಲ್ರಿ. ಆದ್ರ ನಂಬಿ ಕೂಡೂ ಹಂಗೂ ಇಲ್ಲ. ಮೂರು ತಿಂಗಳಿಗೊಮ್ಮೆ ಬರ್ರಿ. ಬೀಡಿ ಬಂದ್. ಮಂದಿ ದನಿ ತೆಗ್ಯೂದೂ ಬಂದ್. ಮಾತು ಮೆಲ್ಲಕ ಸುರು ಮಾಡ್ರಿ."

ಕೊನೆಯ ಬಂದ್ ನನಗೆ ನಾಟಿತು. ಆದರೂ ತಲೆಯಾಡಿಸಿದೆ.

ಮನೆಗೆ ಬಂದ ಮೇಲೆ ಅವ್ವ ಅಡುಗೆಮನೆಗೆ ಹೋದಳು. ನಾನು ಹೊರಗಿನಿಂದ ಮೆಲ್ಲಗೆ ಅಂದೆ, "ಅವ್ವಾ, ಚಹಾ ಇಡು."

ಒಳಗೆ ಪಾತ್ರೆ ಸದ್ದು ನಿಂತಿತು. "ಯಾರ ದನಿ ತಗದಿಯೋ ಅದು?"

"ನಂದ ಅವ್ವಾ."

ಅವ್ವ ಬಾಗಿಲಿಗೆ ಬಂದಳು. ಅಷ್ಟು ದಿನಗಳ ನಂತರ ಮುಖ ನೋಡಿದಳು.

"ಛಲೋ ಐತಿ," ಅಂದಳು. "ಇದನ್ನ ಇಟ್ಕೋ."